ಒಂದೇ ಮೂಲೆಯಲ್ಲಿ ಎರಡು ಸಲ ಅಪಘಾತ ಆದರೆ ತಪ್ಪು ಯಾರದು?

ಓದುಗರ ಪ್ರಶ್ನೆ:

"ಸರ್, ನಮಸ್ಕಾರ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಮೆಕ್ಕೆಜೋಳದ ಗೋದಾಮಿದೆ. ಐದು ವರ್ಷದಿಂದ ಅಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೋದ ತಿಂಗಳು ಸಂಜೆ ಏಳರ ಹೊತ್ತಿಗೆ ಲಾರಿ ತುಂಬುವಾಗ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಕುಸಿದು ಒಬ್ಬ ಹಮಾಲಣ್ಣನ ಕಾಲು ಮುರಿಯಿತು. ನಿಟ್ಟು 18 ಚೀಲ ಎತ್ತರ ಇತ್ತು. ಅವನು ನಡುವಿನ ಚೀಲಕ್ಕೆ ಕೊಕ್ಕೆ ಹಾಕಿ ಎಳೆದನಂತೆ. ಎರಡು ವರ್ಷದ ಹಿಂದೆ ಇದೇ ಮೂಲೆಯಲ್ಲಿ ಇನ್ನೊಬ್ಬರ ಕೈಗೆ ಪೆಟ್ಟಾಗಿತ್ತು. ಆಗ ಹೋಮ ಮಾಡಿಸಿ ಕುಂಬಳಕಾಯಿ ಒಡೆದಿದ್ದೆವು. ಈಗ ಹಮಾಲರು ಜಾಗವೇ ಸರಿ ಇಲ್ಲ ಅನ್ನುತ್ತಾರೆ. ಸಾವ್ಕಾರ್ರು 'ಹಮಾಲಿಯ ಅಜಾಗರೂಕತೆಯಿಂದ ಆಯ್ತು ಅಂತ ಬರೆದುಕೊಡು, ಎಲ್ಲರಿಗೂ ಹೆಲ್ಮೆಟ್ ತರಿಸ್ತೀನಿ' ಅನ್ನುತ್ತಾರೆ. ನೀವು ಬಂದರಿನಲ್ಲಿ ಕೆಲಸ ಮಾಡಿದವರು. ಅಲ್ಲಿ ಇಂಥದ್ದು ಆದರೆ ಏನು ಮಾಡ್ತಾರೆ? ನಮ್ಮಂಥ ಸಣ್ಣ ಜಾಗದಲ್ಲಿ ಅದೆಲ್ಲ ಆಗುತ್ತಾ? ನಾನು ಏನು ಬರೆಯಲಿ? ಹೆಸರು ಹಾಕಬೇಡಿ ಸರ್."

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏನು ಬರೆಯಲಿ ಅಂತ ಕೇಳಿದ್ದೀರಿ. ನಿಮ್ಮನ್ನು ಕಾಡುತ್ತಿರುವುದು ಅದಕ್ಕಿಂತ ದೊಡ್ಡದು ಅಂತ ನನಗೆ ಅನ್ನಿಸಿತು. ಅದೇ ಮೂಲೆಯಲ್ಲಿ ಮೂರನೇ ಸಲ ಆದರೆ? ಆಗ ಮುರಿಯುವುದು ಕಾಲೇ ಆಗಿರುತ್ತೆ ಅಂತ ಏನು ಗ್ಯಾರಂಟಿ?

ಮೊದಲು ಜಾಗದ ಮಾತು. ಹಮಾಲರು ಜಾಗ ಸರಿ ಇಲ್ಲ ಅಂದರೆ ನಗಬೇಡಿ. ಇಪ್ಪತ್ನಾಲ್ಕು ವರ್ಷ ಕರಾವಳಿಯ ಬಂದರುಗಳಲ್ಲಿ ಸುರಕ್ಷತೆಯ ಕೆಲಸ ಮಾಡಿದವನು ನಾನು. ಕೂಲಿಯವರು ಜಾಗ ಸರಿ ಇಲ್ಲ ಅಂದ ಕಡೆಯಲ್ಲೆಲ್ಲ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತಿತ್ತು. ನಾಳೆ ಸಂಜೆ ಏಳಕ್ಕೆ, ಅಪಘಾತ ಆದ ಹೊತ್ತಿಗೇ, ಆ ಮೂಲೆಗೆ ಹೋಗಿ ನಿಂತುಕೊಳ್ಳಿ. ತಲೆ ಎತ್ತಿ ಶೀಟ್ ನೋಡಿ, ಮಳೆ ಸೋರಿದ ಗುರುತು ಇದೆಯಾ? ಬಗ್ಗಿ ನೆಲ ಮುಟ್ಟಿ, ತಣ್ಣಗಿದೆಯಾ, ಇಳಿಜಾರಿದೆಯಾ? ಬಲ್ಬು ಎಲ್ಲಿದೆ? ನಿಟ್ಟಿನ ನೆರಳು ಹಮಾಲನ ಕೈ ಮೇಲೇ ಬೀಳುತ್ತಾ? ಲಾರಿ ಹಚ್ಚುವ ಬಾಗಿಲಿಗೆ ಆ ಮೂಲೆಯೇ ಹತ್ತಿರವಾ? ಹತ್ತಿರ ಇದ್ದರೆ ಎಲ್ಲರೂ ಅಲ್ಲಿಂದಲೇ ಚೀಲ ಕೀಳುತ್ತಾರೆ. ಹೋಮ ಮಾಡಿಸಿದ್ದು ತಪ್ಪಲ್ಲ. ಆಯುಧಪೂಜೆ ದಿನ ನಮ್ಮ ಕ್ರೇನ್‌ಗಳಿಗೂ ಕುಂಬಳಕಾಯಿ ಒಡೆಯುತ್ತಿದ್ದೆವು, ನಾನೇ ಕರ್ಪೂರ ಹಚ್ಚಿದ್ದೇನೆ. ಆದರೆ ಹೋಮ ಮುಗಿದ ಮೇಲೆ ಶೀಟಿನ ತೂತನ್ನು ಯಾರಾದರೂ ಮುಚ್ಚಿದರಾ ಅನ್ನುವುದು ಬೇರೆ ಪ್ರಶ್ನೆ.

ಇನ್ನು ನಿಟ್ಟು ಯಾಕೆ ಕುಸಿಯುತ್ತೆ ಅನ್ನುವುದಕ್ಕೆ ಬರೋಣ. ಅಜಾಗರೂಕತೆ ಅನ್ನುವ ಒಂದೇ ಪದದಲ್ಲಿ ಇದನ್ನು ಮುಗಿಸಲು ಆಗುವುದಿಲ್ಲ.

ನಿಟ್ಟು ನೋಡಲು ಗೋಡೆ ಇದ್ದ ಹಾಗೆ ಇರುತ್ತೆ, ಆದರೆ ಗೋಡೆಯಲ್ಲ. ಒಳಗಿರುವುದು ಕಾಳು, ಕಾಳು ಜಾರುತ್ತೆ. ಹಿಂದೆ ಗೋಣಿಚೀಲ ಇತ್ತು. ಒರಟು ಬಟ್ಟೆ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತಿತ್ತು. ಈಗಿನ ಪ್ಲಾಸ್ಟಿಕ್ ಚೀಲ ನುಣುಪು, ಧೂಳು ಕೂತರೆ ಇನ್ನೂ ಜಾರಿಕೆ. ಗೋಣಿಯ ಕಾಲದಲ್ಲಿ 18 ಎತ್ತರ ನಿಲ್ಲುತ್ತಿತ್ತು ಅಂತ ಪ್ಲಾಸ್ಟಿಕ್ಕಿಗೂ ಅದೇ ಲೆಕ್ಕ ಹಿಡಿದರೆ ಕೆಲಸ ಕೆಟ್ಟಿತು. ಇಟ್ಟಿಗೆ ಕಟ್ಟುವ ಹಾಗೆ ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಹಾಕಿದರೆ ಚೀಲಗಳು ಒಂದನ್ನೊಂದು ಹಿಡಿಯುತ್ತವೆ. ಸೀಸನ್‌ನಲ್ಲಿ ಲಾರಿ ಸಾಲು ನಿಂತಾಗ ಅಷ್ಟು ತಾಳ್ಮೆ ಯಾರಿಗಿರುತ್ತೆ? ಒಂದರ ಮೇಲೊಂದು ನೆಟ್ಟಗೆ ಏರಿಸಿಬಿಡುತ್ತಾರೆ.

ಆಮೇಲೆ ತೇವ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಲದಿಂದ ನೇರ ಬರುವ ಮೆಕ್ಕೆಜೋಳದಲ್ಲಿ ತೇವ ಜಾಸ್ತಿ. ಶೇಕಡಾ 14ಕ್ಕಿಂತ ಮೇಲಿದ್ದರೆ ಕಾಳು ಒಳಗೊಳಗೇ ಬಿಸಿಯಾಗುತ್ತೆ, ಬೂಸ್ಟು ಹಿಡಿಯುತ್ತೆ, ಚೀಲ ಮೆತ್ತಗಾಗಿ ಕೂರುತ್ತೆ. ಒಂದು ಮಗ್ಗುಲು ಸೋರಿದ ನೀರಿನಿಂದ ಕೂತು ಇನ್ನೊಂದು ಮಗ್ಗುಲು ಗಟ್ಟಿ ಇದ್ದರೆ ನಿಟ್ಟು ವಾಲುತ್ತೆ. ಇಲಿಯನ್ನೂ ಮರೆಯಬೇಡಿ. ಬುಡದ ಚೀಲಕ್ಕೆ ಇಲಿ ಒಂದು ತೂತು ಮಾಡಿದರೆ ಸಾಕು. ಮೇಲಿನ ಭಾರಕ್ಕೆ ಕಾಳು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಾ ಇರುತ್ತೆ. ನೆಲದ ಮೇಲೆ ಒಂದು ಬೊಗಸೆ ಕಾಳು ಬಿದ್ದಿದ್ದರೆ ಕಸ ಗುಡಿಸುವವರು ಗುಡಿಸಿ ಹಾಕುತ್ತಾರೆ. ನಾನಾದರೆ ಆ ಬೊಗಸೆ ಕಾಳು ಎಲ್ಲಿಂದ ಬಂತು ಅಂತ ನೋಡುತ್ತೇನೆ.

ಕೊನೆಯದು ಚೀಲ ಕೀಳುವ ರೀತಿ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬಂದರೆ ನಿಟ್ಟು ನಿಲ್ಲುತ್ತೆ. ಎದುರಿನಿಂದ, ಕೈಗೆ ಸಿಕ್ಕ ಎತ್ತರದಲ್ಲಿ ಎಳೆದರೆ ಮೇಲಿನದೆಲ್ಲ ತೂಗಾಡುತ್ತೆ. ನಿಮ್ಮ ಹಮಾಲಣ್ಣ ಮಾಡಿದ್ದು ಇದನ್ನೇ. ಅದು ಅಪಾಯ ಅಂತ ಅವನಿಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಹಾಗಾದರೆ ಯಾಕೆ ಮಾಡಿದ?

ಬಂದರಿನಲ್ಲಿ ನಾವು ತಡವಾಗಿ ಕಲಿತಿದ್ದು ಈ ಪ್ರಶ್ನೆಯನ್ನೇ. ಮೊದಮೊದಲು ನಾವೂ ನಿಮ್ಮ ಸಾವ್ಕಾರ್ರ ಹಾಗೆಯೇ. ಒಂದು ಸಲ ನಡೆದಿದ್ದನ್ನು ಹೇಳುತ್ತೇನೆ, ಬಂದರಿನ ಹೆಸರು ಬೇಡ. ರಾತ್ರಿ ಪಾಳಿ. ಹಡಗಿಗೆ ಗ್ರಾನೈಟ್ ಕಲ್ಲು ಏರಿಸುತ್ತಿದ್ದರು, ಒಂದೊಂದು 20 ಟನ್. ಕಲ್ಲು ನೆಲದಿಂದ ಆಳೆತ್ತರ ಎದ್ದಿತ್ತು. ಕಲ್ಲನ್ನು ಕ್ರೇನಿನ ಕೊಕ್ಕೆಗೆ ತೂಗುಹಾಕುವ ಎರಡು ಕಾಲಿನ ಕಟ್ಟಿಗೆ ಸ್ಲಿಂಗ್ ಅನ್ನುತ್ತಾರೆ. ಅದರ ಒಂದು ಕಾಲು ಪಟ್ ಅಂತ ಕಿತ್ತುಹೋಯಿತು. ಕಲ್ಲು ಹಡಗು ನಿಲ್ಲುವ ಕಟ್ಟೆಯ ಮೇಲೆ ಬಿದ್ದು ಕಾಂಕ್ರೀಟ್ ಸೀಳಿತು. ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ತೀರ್ಮಾನ ಸಿದ್ಧವಾಗಿತ್ತು: ಟಿಂಡಾಲ್‌ನ ತಪ್ಪು, ಸಸ್ಪೆಂಡ್ ಮಾಡಿ. ಟಿಂಡಾಲ್ ಅಂದರೆ ಹಗ್ಗ, ಸ್ಲಿಂಗ್ ಕಟ್ಟುವ ತಂಡದ ಮೇಸ್ತ್ರಿ. ಅವನು ಬಳಸಿದ ಸ್ಲಿಂಗಿಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಅಂದರೆ ಕೆಟ್ಟಿದೆ, ಮುಟ್ಟಬೇಡ ಅಂತ.

ನಾನು ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಚಹಾ ಬಂತು. ಯಾಕೆ ಹೀಗೆ ಮಾಡಿದೆ ಅಂತ ಕೇಳಲಿಲ್ಲ. ನಿನ್ನೆ ರಾತ್ರಿ ಕೆಲಸ ಶುರುವಾದಾಗಿಂದ ಏನೇನಾಯಿತು ಹೇಳಪ್ಪಾ ಅಂದೆ. ಅವನು ಹೇಳಿದ್ದು ಇಷ್ಟು. ಸ್ಲಿಂಗ್ ಕೆಟ್ಟಿದ್ದು ಗೊತ್ತಿತ್ತು. ಹೊಸದು ಸ್ಟೋರಿನಲ್ಲಿತ್ತು. ಸ್ಟೋರಿನ ಬೀಗದ ಕೈ ಸ್ಟೋರ್ ಕೀಪರ್ ಹತ್ತಿರ. ಸ್ಟೋರ್ ಕೀಪರ್ ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ. ಹಡಗು ನಿಂತರೆ ಗಂಟೆಗೆ ಇಷ್ಟು ಅಂತ ದಂಡ ಬೀಳುತ್ತೆ, ಮೇಲಿನಿಂದ ಫೋನ್ ಮೇಲೆ ಫೋನ್. "ಕೆಂಪು ಬಣ್ಣ ನನಗೂ ಕಾಣ್ತದೆ ಸಾರ್. ನಾನು ಕುರುಡನಲ್ಲ" ಅಂದ. ಇನ್ನೂ ಒಂದು ವಿಷಯ ಹೊರಗೆ ಬಂತು. ಆ ಸ್ಲಿಂಗ್ ಗಿಡ್ಡ ಇತ್ತು. 20 ಟನ್ನಿಗೆ ಎರಡು ಕಾಲು ಅಂದರೆ ತಲಾ 10 ಟನ್ ಅಂತ ನಾವು ಲೆಕ್ಕ ಹಾಕುತ್ತೇವೆ. ಕಾಲುಗಳು ನೆಟ್ಟಗೆ ಇಳಿಬಿದ್ದಾಗ ಮಾತ್ರ ಅದು ಸರಿ. ಸ್ಲಿಂಗ್ ಗಿಡ್ಡ ಆದಷ್ಟೂ ಕಾಲು ಅಗಲವಾಗುತ್ತೆ. ನೆಲಕ್ಕೆ 30 ಡಿಗ್ರಿಯಷ್ಟು ಮಲಗಿತು ಅನ್ನಿ, ಒಂದೊಂದು ಕಾಲಿನ ಮೇಲೂ ಪೂರ್ತಿ 20 ಟನ್ ಎಳೆತ ಬೀಳುತ್ತೆ. ಉದ್ದದ ಸ್ಲಿಂಗ್ ಎಲ್ಲಿತ್ತು? ಅದೇ ಸ್ಟೋರಿನಲ್ಲಿ, ಅದೇ ಬೀಗದೊಳಗೆ.

ಟಿಂಡಾಲ್‌ನನ್ನು ಸಸ್ಪೆಂಡ್ ಮಾಡಿದ್ದರೆ ಏನಾಗುತ್ತಿತ್ತು? ಮರುದಿನ ರಾತ್ರಿ ಇನ್ನೊಬ್ಬ ಟಿಂಡಾಲ್ ಬರುತ್ತಿದ್ದ, ಬೀಗ ಹಾಗೇ ಇರುತ್ತಿತ್ತು. ನಾವು ಮಾಡಿದ್ದು ಎರಡೇ ಕೆಲಸ. ಬೀಗದ ಕೈಯ ಇನ್ನೊಂದು ಜೊತೆಯನ್ನು ಪಾಳಿ ಆಫೀಸಿನಲ್ಲಿ ಇಟ್ಟೆವು. ಕೆಂಪು ಬಳಿದ ಸ್ಲಿಂಗನ್ನು ಅಲ್ಲೇ ಕತ್ತರಿಸಿ ಹಾಕುವ ನಿಯಮ ತಂದೆವು. ಕತ್ತರಿಸಿದ್ದನ್ನು ಯಾರೂ ಬಳಸಲಾರರು. ಇದಕ್ಕೆ ಖರ್ಚಾಗಿದ್ದು ಒಂದು ಬೀಗದ ಕೈ.

ನಿಮ್ಮ ಗೋದಾಮಿನಲ್ಲಿ ಆ ಬೀಗದ ಕೈ ಯಾವುದು? ನೀವೇ ಹುಡುಕಬೇಕು. ಆದರೂ ಒಂದು ಊಹೆ ಹೇಳುತ್ತೇನೆ. ನಮ್ಮ ಕಡೆ ಹಮಾಲಿ ಕೂಲಿ ಚೀಲದ ಲೆಕ್ಕ. ಒಂದು ಲಾರಿಗೆ 400 ಚೀಲ, ಚೀಲಕ್ಕೆ 50 ಕೆಜಿ, 20 ಟನ್. ಆರು ಜನ ತುಂಬಿದರೆ ಒಬ್ಬೊಬ್ಬನ ತಲೆ ಮೇಲೆ ಮೂರು ಟನ್ನಿಗೂ ಜಾಸ್ತಿ ಹೋಗಿರುತ್ತೆ, ಅದೂ ಒಂದು ಲಾರಿಗೆ. ದಾವಣಗೆರೆ ಎಪಿಎಂಸಿಯಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಹಮಾಲರಿದ್ದಾರೆ. ನಿಮ್ಮ ಪತ್ರ ಬಂದ ಮೇಲೆ ಅವರನ್ನು ಕೇಳಿದೆ. "ಬುಡಕ್ಕೆ ಕೈ ಹಾಕಬಾರ್ದು ಅಂತ ನಮಗೆ ಗೊತ್ತಿಲ್ವಾ? ಮೇಲಿಂದ ಇಳಿಸ್ಬೇಕು ಅಂದ್ರೆ ನಿಟ್ಟಿನ ಮೇಲೆ ಒಬ್ಬ ನಿಲ್ಬೇಕು. ಅವನು ಹೊರೋದಿಲ್ಲ. ಅವನ ಪಾಲು ಯಾರು ಕೊಡ್ತಾರೆ?" ಅಂದರು.

ಕೇಳಿದಿರಲ್ಲ. ನಡುವಿನ ಚೀಲ ಎಳೆಯುವುದು ಹುಂಬತನ ಅಲ್ಲ, ಲೆಕ್ಕಾಚಾರ. ನಿಟ್ಟಿನ ಮೇಲೆ ನಿಲ್ಲುವವನಿಗೂ ಕೂಲಿ ಸಿಗುವ ಹಾಗೆ ಮಾಡದೆ "ಹುಷಾರಾಗಿರ್ರಪ್ಪಾ" ಅಂತ ಬೋರ್ಡ್ ಹಾಕಿದರೆ ಏನು ಪ್ರಯೋಜನ?

ಅಪಘಾತಕ್ಕೆಲ್ಲ ಕೂಲಿಯವನೇ ಕಾರಣ ಅನ್ನುವ ನಂಬಿಕೆಗೆ ಹಳೆಯ ಬೇರಿದೆ. 1931ರಲ್ಲಿ ಅಮೆರಿಕದ ಒಂದು ವಿಮಾ ಕಂಪನಿಯಲ್ಲಿದ್ದ ಹೈನ್‌ರಿಚ್ ಎಂಬವರು ನೂರರಲ್ಲಿ 88 ಅಪಘಾತಕ್ಕೆ ಕೆಲಸಗಾರರ ನಡವಳಿಕೆಯೇ ಕಾರಣ ಅಂತ ಬರೆದರು. ಆ ಅಂಕಿ ಪ್ರಪಂಚವೆಲ್ಲ ಸುತ್ತಿತು, ನಮ್ಮ ತರಬೇತಿಗಳಲ್ಲೂ ಗೋಡೆ ಮೇಲೆ ಇರುತ್ತಿತ್ತು. ಅವರು ನೋಡಿದ್ದು ವಿಮೆಯ ಕಡತಗಳನ್ನು, ಕಾರ್ಖಾನೆಗಳ ವರದಿಗಳನ್ನು. ಆ ವರದಿ ಬರೆದವರು ಯಾರು? ನಿಮ್ಮಂಥ ಸೂಪರ್‌ವೈಸರ್‌ಗಳು. ಬರೆಸಿದವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ಹೆಲ್ಮೆಟ್ ವಿಷಯ ಬೇಗ ಮುಗಿಸುತ್ತೇನೆ. ಯುರೋಪಿನ ಮಾನದಂಡದಲ್ಲಿ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಐದು ಕೆಜಿ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿ. ನಿಮ್ಮ 18 ಚೀಲದ ನಿಟ್ಟು ಸುಮಾರು ನಾಲ್ಕು ಮೀಟರ್. ಮೇಲಿನ ಚೀಲ 50 ಕೆಜಿ. ನಿಂತವನ ತಲೆಯ ಮಟ್ಟದಲ್ಲೇ ಪೆಟ್ಟು ಆ ಪರೀಕ್ಷೆಯ 20 ಪಟ್ಟಿಗೂ ಜಾಸ್ತಿ. ನೆಲ ಮುಟ್ಟುವಾಗ 40 ಪಟ್ಟು, ವೇಗ ಗಂಟೆಗೆ 30 ಕಿಲೋಮೀಟರ್‌ಗೂ ಮೇಲೆ. ತಲೆ ಉಳಿದರೂ ಕುತ್ತಿಗೆ ಉಳಿಯುವುದಿಲ್ಲ. ಇಷ್ಟೆಲ್ಲ ಲೆಕ್ಕ ಬೇಡ, ತಲೆ ಮೇಲೆ ಚೀಲ ಹೊರುವವನು ಹೆಲ್ಮೆಟ್ ಎಲ್ಲಿ ಹಾಕಿಕೊಳ್ಳಬೇಕು? ಕ್ರೇನ್ ಕೆಳಗೆ ಕೆಲಸ ಮಾಡುವವರಿಗೆ ಹೆಲ್ಮೆಟ್ ಬೇಕೇ ಬೇಕು. ನಿಮ್ಮಲ್ಲಿ ಅದು ಮೊಳೆಗೆ ನೇತುಬಿದ್ದಿರುತ್ತೆ. ಆ ದುಡ್ಡಿನಲ್ಲಿ ಎರಡು ಒಳ್ಳೆಯ ಎಲ್‌ಇಡಿ ಲೈಟ್ ಹಾಕಿಸಲು ಹೇಳಿ.

ಇನ್ನೊಂದು ಮಾತು ಕೇಳಬೇಕು. ಬೀಳುವ ಮೊದಲು ಆ ನಿಟ್ಟು ಹೇಗಿತ್ತು? ನಿಟ್ಟಿಗೆ ಹೊಟ್ಟೆ ಬಂದಿತ್ತಾ? ನೋಡಿದವರು ಯಾರಾದರೂ ಇದ್ದಾರಾ? ಇದ್ದೇ ಇರುತ್ತಾರೆ ಅಂತ ನನ್ನ ಅನುಭವ ಹೇಳುತ್ತೆ. ಏಪ್ರಿಲ್ 14ರಿಂದ 20ರವರೆಗೆ ಪ್ರತಿ ವರ್ಷ ಅಗ್ನಿಶಾಮಕ ಸೇವಾ ಸಪ್ತಾಹ ಮಾಡುತ್ತಾರಲ್ಲ, ಅದು ಬಂದಿದ್ದೇ ಒಂದು ಬಂದರಿನ ಅಪಘಾತದಿಂದ. 1944ರ ಏಪ್ರಿಲ್ 14, ಬಾಂಬೆಯ ವಿಕ್ಟೋರಿಯಾ ಡಾಕ್. ಫೋರ್ಟ್ ಸ್ಟಿಕಿನ್ ಅನ್ನುವ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು. ಅದರ ಜೊತೆಗೆ ಹತ್ತಿಯ ಅಂಡಿಗೆ. ಹತ್ತಿ ಮಿಲ್ಲುಗಳ ಊರಿನವರು ನಾವು. ಹತ್ತಿ ಒಳಗೊಳಗೇ ಹೊಗೆಯಾಡುವುದನ್ನು ದಾವಣಗೆರೆಯ ಹಳಬರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೇ ಹಡಗಿನಿಂದ ಹೊಗೆ ಬರುವುದು ಪಕ್ಕದವರ ಕಣ್ಣಿಗೆ ಬಿದ್ದಿತ್ತು. ಹಡಗಿನವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡರು. ಕೂಗು ಎದ್ದಿದ್ದು ಎರಡು ಗಂಟೆ ಸುಮಾರಿಗೆ. ನಾಲ್ಕು ದಾಟಿದ ಮೇಲೆ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದ ಸಿಬ್ಬಂದಿಯೂ ಸೇರಿ ನೂರಾರು ಜನ ಸತ್ತರು.

ನೋಡಿದವನು ಹೇಳದೆ ಇರುವುದಕ್ಕೆ ಕಾರಣ ಇರುತ್ತೆ. ಹೇಳಿದರೆ "ನಿನಗ್ಯಾಕೆ ಉಸಾಬರಿ, ನಿನ್ನ ಕೆಲಸ ನೋಡು" ಅನ್ನಿಸಿಕೊಳ್ಳಬೇಕು. ಇಲ್ಲಾ ಕೆಲಸ ನಿಂತು ಕೂಲಿ ಹೋಗುತ್ತೆ. ಅಪಾಯ ಕಂಡು ಹೇಳಿದವನಿಗೆ ಕೂಲಿ ಕತ್ತರಿ ಬೀಳಬಾರದು. ಅಷ್ಟು ಮಾತು ಸಾವ್ಕಾರ್ರಿಂದ ಕೊಡಿಸಿದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಬಂದರಿನಲ್ಲಿ ನಾವು ಒಂದು ರಿಜಿಸ್ಟರ್ ಇಟ್ಟಿದ್ದೆವು, ಸ್ವಲ್ಪದರಲ್ಲಿ ತಪ್ಪಿದ್ದನ್ನೆಲ್ಲ ಬರೆಯಲು. ಮೊದಲ ಆರು ತಿಂಗಳು ಖಾಲಿ ಖಾಲಿ. ಒಬ್ಬ ಫೋರ್ಕ್‌ಲಿಫ್ಟ್ (ಮಾಲು ಎತ್ತಿ ಸಾಗಿಸುವ ಗಾಡಿ) ಡ್ರೈವರ್ ತಾನೇ ಮಾಡಿದ ತಪ್ಪು ಬರೆದ. ಅವನಿಗೆ ಏನೂ ಶಿಕ್ಷೆ ಆಗಲಿಲ್ಲ, ಅವನು ಹೇಳಿದ ತಿರುವಿಗೆ ಕನ್ನಡಿ ಬಂತು. ಅದಾದ ಮೇಲೆ ಪುಟಗಳು ತುಂಬಿದವು.

ಈಗ ನಿಮ್ಮ ಮುಂದಿರುವ ದಾರಿಗಳು. ಯಾವುದೂ ಪುಕ್ಕಟೆ ಅಲ್ಲ.

ನಿಟ್ಟಿನ ಎತ್ತರ ಇಳಿಸುವುದು ಮೊದಲನೆಯದು. ಪ್ಲಾಸ್ಟಿಕ್ ಚೀಲವಾದರೆ 10 ದಾಟಬಾರದು ಅನ್ನುವುದು ನನ್ನ ಕೈ ಲೆಕ್ಕ. ಮೇಲಿನ ಸಾಲುಗಳು ಒಳಕ್ಕೆ ಸರಿಯುತ್ತಾ ಹೋಗಬೇಕು. ಬುಡಕ್ಕೆ ಹಲಗೆ ಚೌಕಟ್ಟು ಹಾಕಿದರೆ ನೆಲದ ತೇವವೂ ತಪ್ಪುತ್ತೆ. ತೊಂದರೆ ಏನು? ಜಾಗ. ಅದೇ ಮಾಲಿಗೆ ಹೆಚ್ಚುಕಡಿಮೆ ಎರಡರಷ್ಟು ನೆಲ ಬೇಕು, ಸೀಸನ್‌ನಲ್ಲಿ ಗೋದಾಮಿನ ಬಾಡಿಗೆ ನಿಮಗೇ ಗೊತ್ತು. ಸಾವ್ಕಾರ್ರು ಒಪ್ಪಿದರೂ ನವೆಂಬರ್ ಹೊತ್ತಿಗೆ "ಇದೊಂದು ಸಲ 14 ಏರಿಸ್ರಪ್ಪಾ" ಅನ್ನುತ್ತಾರೆ. ಗೋಡೆ ಮೇಲೆ ಕೆಂಪು ಗೆರೆ ಎಳೆಸಿಬಿಡಿ. ಬಾಯಿಮಾತು ಮರೆತುಹೋಗುತ್ತೆ, ಗೆರೆ ಕಣ್ಣೆದುರೇ ಇರುತ್ತೆ.

ಎರಡನೆಯದು ಕೂಲಿಯ ಲೆಕ್ಕ ಬದಲಿಸುವುದು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ, ಎಲ್ಲಕ್ಕಿಂತ ಕಷ್ಟವೂ ಇದೇ. ಒಂದು ಲಾರಿಗೆ ಆರು ಜನರ ಬದಲು ಏಳು ಜನ. ಏಳನೆಯವರು ನಿಟ್ಟಿನ ಮೇಲೆ ನಿಂತು ಚೀಲ ಇಳಿಸಿಕೊಡಲಿ, ಅವರ ಪಾಲು ಸಾವ್ಕಾರ್ರ ಲೆಕ್ಕದಿಂದ ಬರಲಿ. ಆರು ಜನರ ಕೂಲಿಯಲ್ಲೇ ಏಳು ಪಾಲು ಮಾಡಿದರೆ ಎರಡನೇ ದಿನಕ್ಕೇ ಹಳೇ ದಾರಿಗೆ ಬರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೇಲೆ ನಿಂತವರು ಜಾರಿ ಬೀಳುವ ಅಪಾಯವೂ ಉಂಟು. ಅವರಿಗೆ ಹತ್ತಲು ಇಳಿಯಲು ಏಣಿ ಬೇಕು, ಚೀಲದ ಮೇಲೆ ಕಾಲಿಟ್ಟು ಹತ್ತುವುದಲ್ಲ.

ಚೀಲ ಸಾಗಿಸುವ ಬೆಲ್ಟು, ಫೋರ್ಕ್‌ಲಿಫ್ಟ್ ತರಿಸುತ್ತೇನೆ ಅಂತ ಸಾವ್ಕಾರ್ರು ಅಂದರೆ ಕುಣಿಯಬೇಡಿ. ಯಂತ್ರ ಹಳೆಯ ಅಪಾಯ ಕಡಿಮೆ ಮಾಡಿ ಹೊಸದನ್ನು ತರುತ್ತೆ. ಬಂದರಿನಲ್ಲಿ ಕಂಟೇನರ್ ಬಂದ ಮೇಲೆ ಬೆನ್ನು ಮುರಿಯುವುದು ಕಡಿಮೆ ಆಯಿತು. ಗಾಡಿ ಹಿಂದಕ್ಕೆ ಬರುವಾಗ ಜನ ಸಿಕ್ಕಿಹಾಕಿಕೊಳ್ಳುವುದು ಶುರುವಾಯಿತು. ಬೆಲ್ಟಿನ ರೋಲರ್‌ಗೆ ಹೆಗಲ ಮೇಲಿನ ಟವೆಲ್ ಸಿಕ್ಕಿದರೆ ಕೈ ಎಳೆದುಕೊಳ್ಳಲು ಸಮಯ ಇರುವುದಿಲ್ಲ. ಗಾಡಿ ಓಡಾಡುವ ದಾರಿ ಬೇರೆ, ಜನ ಓಡಾಡುವ ದಾರಿ ಬೇರೆ ಇರಬೇಕು. ನಿಮ್ಮ ಗೋದಾಮಿಗೆ ಒಂದೇ ಬಾಗಿಲು ಇದ್ದರೆ ಕಷ್ಟ. ಹಮಾಲರ ಅನ್ನದ ಪ್ರಶ್ನೆಯೂ ಇದೆ. ಅವರನ್ನು ಕೂರಿಸಿಕೊಂಡು ಮಾತಾಡದೆ ಯಂತ್ರ ಇಳಿಸಿದರೆ ಅಪಾಯ ಕಂಡರೂ ಯಾರೂ ನಿಮಗೆ ಹೇಳುವುದಿಲ್ಲ.

ನೀವು ಕೇಳದಿದ್ದರೂ ಎರಡು ವಿಷಯ ಹೇಳಲೇಬೇಕು. ಕಾಳು ಅಂದರೆ ಕಾಲು ಮುರಿಯುವುದಷ್ಟೇ ಅಂತ ತಿಳಿಯಬೇಡಿ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಒಂದು ಮೆಕ್ಕೆಜೋಳದ ಗೋದಾಮಿನಲ್ಲಿ ಕುಸಿದ ರಾಶಿಯ ಕೆಳಗೆ ಸಿಕ್ಕು ಬಿಹಾರದ ಏಳು ಕೂಲಿಕಾರರು ಸತ್ತರು. ಎರಡನೆಯದು ಹುಳಕ್ಕೆ ಇಡುವ ಫಾಸ್ಫೈಡ್ ಮಾತ್ರೆ. ತಾಡಪಾಲು ಮುಚ್ಚಿ ಮಾತ್ರೆ ಇಟ್ಟರೆ ಗಾಳಿಯ ತೇವಕ್ಕೆ ಅದು ಫಾಸ್ಫೀನ್ ಅನಿಲ ಬಿಡುತ್ತೆ. ಬೆಳ್ಳುಳ್ಳಿ ವಾಸನೆ, ಇಲ್ಲಾ ಕೊಳೆತ ಮೀನಿನ ವಾಸನೆ. ವಾಸನೆ ಇಲ್ಲ ಅಂದರೆ ಅನಿಲ ಇಲ್ಲ ಅಂತಲ್ಲ. ಅದಕ್ಕೆ ಪ್ರತಿವಿಷವೇ ಇಲ್ಲ. ತಾಡಪಾಲು ತೆಗೆದ ಕೂಡಲೇ ಹಮಾಲರನ್ನು ಒಳಗೆ ಬಿಡಬೇಡಿ. ಬಾಗಿಲು ಕಿಟಕಿ ತೆಗೆದು ಗಾಳಿ ಆಡಲಿ. ಔಷಧಿ ಇಟ್ಟವರು ಅಳತೆ ಮಾಡಿ ಸರಿ ಅಂದ ಮೇಲೆ ಕೆಲಸ. ಯಾರಾದರೂ ಒಳಗೆ ಬಿದ್ದರೆ ಎತ್ತಲು ಇನ್ನೊಬ್ಬ ಓಡಬಾರದು. ಹಡಗಿನ ಹೋಲ್ಡಿನಲ್ಲಿ, ಅಂದರೆ ಮಾಲು ತುಂಬುವ ಒಳಕೋಣೆಯಲ್ಲಿ, ಇದನ್ನು ಕಂಡು ಕೈಚೆಲ್ಲಿ ನಿಂತಿದ್ದೇನೆ. ಒಬ್ಬನನ್ನು ಉಳಿಸಲು ಇಳಿದ ಅಣ್ಣ, ಅವನ ಹಿಂದೆ ಇಳಿದ ಗೆಳೆಯ.

ಚಿತ್ರದುರ್ಗದ ಕಡೆಯ ಓದುಗರಿಗೂ ಒಂದು ಮಾತು, ಅಲ್ಲಿ ಅದಿರಿನ ಲಾರಿ ಓಡಿಸುವವರು ಇದನ್ನು ಓದುತ್ತಿರಬಹುದು. ತೇವದ ಮಾಲು ಮೋಸ ಮಾಡುತ್ತೆ. 2009ರ ಜುಲೈ, ಮಳೆಗಾಲ. ಮಂಗಳೂರು ಬಂದರಿನಿಂದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ವಾಲಿ ಮುಳುಗಿತು. ಸಿಬ್ಬಂದಿ ಪಾರಾದರು. ಒದ್ದೆ ಅದಿರು ಮೇಲೆ ನೋಡಲು ಗಟ್ಟಿ ಮಣ್ಣು. ಅಲುಗಾಡುತ್ತಾ ಹೋದರೆ ಒಳಗಿನ ನೀರು ಬಿಟ್ಟುಕೊಂಡು ಕೆಸರಾಗುತ್ತೆ, ಒಂದು ಮಗ್ಗುಲಿಗೆ ಹರಿಯುತ್ತೆ. ಟಿಪ್ಪರ್‌ನಲ್ಲಿ ಇದರ ಉಲ್ಟಾ. ಒದ್ದೆ ಅದಿರು ಡಬ್ಬಿಯ ಒಂದು ಮಗ್ಗುಲಿಗೆ ಅಂಟಿಕೊಳ್ಳುತ್ತೆ. ಡಬ್ಬಿ ಪೂರ್ತಿ ಎತ್ತಿದಾಗ ಗಾಡಿ ಆ ಕಡೆಗೆ ಮಗುಚುತ್ತೆ. ಇಳಿಜಾರಿನಲ್ಲಿ ಎತ್ತಲೇಬೇಡಿ.

ಸರಿ, ನಿಮ್ಮ ಕಾಗದಕ್ಕೆ ಬರುತ್ತೇನೆ.

ಸಾವ್ಕಾರ್ರು ಹೇಳಿದ ಹಾಗೆ ಬರೆದುಕೊಟ್ಟರೆ ಇವತ್ತಿಗೆ ನೆಮ್ಮದಿ. ಆದರೆ ಸಹಿ ನಿಮ್ಮದು. ಮೂರನೇ ಸಲ ಏನಾದರೂ ಆದಾಗ ಆ ಮೂಲೆಯ ವಿಷಯ ಗೊತ್ತಿದ್ದೂ ಬರೆಯದವರು ನೀವು ಅಂತಾಗುತ್ತೆ. ಸಾವ್ಕಾರ್ರಿಗೂ ಅದರಿಂದ ಅಂಥ ಲಾಭ ಇಲ್ಲ, ಇದನ್ನು ಅವರಿಗೆ ಮೆತ್ತಗೆ ತಿಳಿಸಿ. ಕೆಲಸದ ಮೇಲಿದ್ದಾಗ ಪೆಟ್ಟಾದರೆ ಪರಿಹಾರ ಕೊಡಬೇಕು ಅನ್ನುವುದು 1923ರ ಕಾಯ್ದೆಯಿಂದ ಬಂದ ತತ್ವ, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಸುಮ್ನೆ ಅಜಾಗರೂಕತೆ ಅಂದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಕುಡಿದಿದ್ದರೆ, ಸ್ಪಷ್ಟವಾಗಿ ಹೇಳಿದ ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾತು ಬೇರೆ. ನಡುವಿನ ಚೀಲ ಎಳೆಯಬಾರದು ಅನ್ನುವ ನಿಯಮ ನಿಮ್ಮಲ್ಲಿ ಇತ್ತಾ? ಯಾರಾದರೂ ಹೇಳಿದ್ದರಾ? ಹಮಾಲ ಕಂಟ್ರಾಕ್ಟರ್ ಕಡೆಯವನು ಅಂತ ಗೋದಾಮಿನವರು ಕೈತೊಳೆದುಕೊಳ್ಳುವುದೂ ಸುಲಭ ಅಲ್ಲ. ಕೊಟ್ಟು ಆಮೇಲೆ ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಬಹುದು, ಅಷ್ಟೇ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ದಾರಿ ಬೇರೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರೂ ಸೇರುತ್ತಾರೆ. ಉಳಿದವರಿಗೆ ಕಾರ್ಡ್ ಇದೆಯಾ ಅಂತ ಅಲ್ಲೇ ಕೇಳಿಬಿಡಿ.

ಹಾಗಾದರೆ ಸಾವ್ಕಾರ್ರ ತಪ್ಪು ಅಂತ ಬರೆಯಬೇಕಾ? ಅದೂ ಬೇಡ. ಅದರಿಂದಲೂ ನಿಟ್ಟು ನೆಟ್ಟಗಾಗುವುದಿಲ್ಲ, ನಿಮ್ಮ ಕೆಲಸ ಮಾತ್ರ ಹೋಗಬಹುದು. ಕಂಡಿದ್ದನ್ನು ಬರೆಯಿರಿ. ಇಂಥ ದಿನ, ಇಷ್ಟು ಗಂಟೆ. ನಿಟ್ಟು 18 ಚೀಲ ಎತ್ತರ, ಪ್ಲಾಸ್ಟಿಕ್ ಚೀಲ, ಇಲ್ಲಾ ಗೋಣಿ. ಬೆಳಕು ಇಷ್ಟಿತ್ತು. ಶೀಟ್ ಸೋರುತ್ತೆ, ಇಲ್ಲಾ ಸೋರುವುದಿಲ್ಲ. ಇಷ್ಟು ಜನ ತುಂಬುತ್ತಿದ್ದರು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಹೀಗಾಗಿತ್ತು. 'ಅಜಾಗರೂಕತೆ' ಅನ್ನುವುದು ಕಂಡಿದ್ದಲ್ಲ, ಅದು ತೀರ್ಪು. ತೀರ್ಪು ಬರೆಯಲು ನೀವು ಜಡ್ಜ್ ಅಲ್ಲ ಅಂತ ಸಾವ್ಕಾರ್ರಿಗೆ ಹೇಳಬಹುದು, ಅದರಲ್ಲಿ ಅವಮರ್ಯಾದೆ ಏನಿಲ್ಲ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಇಷ್ಟಾದರೂ ಅವರು ಸಿಟ್ಟಾಗಬಹುದು. ಆಗುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ.

ಬರೆದುಕೊಟ್ಟೆ, ಮುಗಿಯಿತು ಅಂತ ಮಾತ್ರ ಕೂರಬೇಡಿ. ಬೈರೂತ್ ಬಂದರಿನ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಆರು ವರ್ಷ ಬಿದ್ದಿತ್ತು. ಇದನ್ನು ಇಲ್ಲಿಂದ ಸಾಗಿಸಿ ಅಂತ ಕಸ್ಟಮ್ಸ್‌ನವರು ಮತ್ತೆ ಮತ್ತೆ ಪತ್ರ ಬರೆದಿದ್ದರು. 2020ರ ಆಗಸ್ಟ್ 4ರಂದು ಸ್ಫೋಟವಾದಾಗ ಆ ಪತ್ರಗಳು ಫೈಲಿನಲ್ಲಿದ್ದವು, ಮಾಲು ಗೋದಾಮಿನಲ್ಲೇ ಇತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೇ ಕಾಗದದ ಕೊನೆಗೆ ಎರಡು ಸಾಲು ಸೇರಿಸಿ: ಶೀಟ್ ಯಾರು, ಯಾವ ದಿನದೊಳಗೆ ಸರಿ ಮಾಡಿಸುತ್ತಾರೆ, ಲೈಟ್ ಯಾರು ಹಾಕಿಸುತ್ತಾರೆ. ಆ ದಿನ ಬಂದಾಗ ಹೋಗಿ ನೋಡಿ.

ನಿಮ್ಮ ಪತ್ರದಲ್ಲಿ ಸಾವ್ಕಾರ್ರು ಏನಂದರು ಅಂತ ಇದೆ, ಉಳಿದ ಹಮಾಲರು ಏನಂದರು ಅಂತ ಇದೆ. ಕಾಲು ಮುರಿದವರು ಏನಂದರು ಅಂತ ಇಲ್ಲ. 'ಎಳೆದನಂತೆ' ಅಂತ ಬರೆದಿದ್ದೀರಿ, ಅಂದರೆ ಅವರನ್ನು ಇನ್ನೂ ಯಾರೂ ಕೇಳಿಲ್ಲ. ಈ ಭಾನುವಾರ ಅವರ ಮನೆಗೆ ಹೋಗಿ ಬನ್ನಿ. ಸಾವ್ಕಾರ್ರ ಜೊತೆ ಬೇಡ, ಒಬ್ಬರೇ ಹೋಗಿ. ಪೆನ್ನು ಕಾಗದ ಜೇಬಿನಲ್ಲೇ ಇರಲಿ, ಮೊದಲು ಕಾಲು ಹೇಗಿದೆ ಅಂತ ಕೇಳಿ.